ಎದುರು ಕುಳಿತವರ ಮಾತು: ಕಾಸರಗೋಡಿನ ಬರಹಗಾರರ ಕೂಟ ಮತ್ತು ವಿಮರ್ಶೆಯ ಪ್ರಶ್ನೆ

ಅನಂತಪುರದ ಸರೋವರ ಕ್ಷೇತ್ರದ ಸ್ಥಳಪುರಾಣ ತೆಂಕಣಕ್ಕೆ ಮುಖಮಾಡಿದೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂಬ ನಂಬಿಕೆಯ ಮೂಲಕ ಕೇರಳದ ಬಡಗಣ ಅಂಚಿನ ಈ ಊರು ರಾಜ್ಯದ ಇನ್ನೊಂದು ತುದಿಯೊಡನೆ ನಂಟು ಬೆಸೆದುಕೊಂಡಿದೆ. ಊರಿನ ಕನ್ನಡ ವಾಙ್ಮಯದ ನಂಟು ಮಾತ್ರ ಹತ್ತಿರದ ಕುಂಬಳೆಯೊಡನೆ, ಅಲ್ಲಿಂದ ಮುಂದೆ ಮಂಜೇಶ್ವರ, ಮಂಗಳೂರುಗಳೊಡನೆ. ಒಂದೇ ನೆಲದ ಈ ಎರಡು ಮುಖಗಳನ್ನು ಒಟ್ಟಿಗೆ ಕಾಣದೆ ಕಾಸರಗೋಡಿನ ಕನ್ನಡ ಬರಹಗಾರರ ಬಳಗವನ್ನು ಅರ್ಥೈಸಲಾಗದು. 1956ರ ನವೆಂಬರ್ 1ರ ಬಳಿಕ ಈ ಬಳಗದ ಕುರಿತಾದ ಮಾತು ಬಹುಮಟ್ಟಿಗೆ ವಿಲೀನದ ನೋವಿನಿಂದ ಹೊರಟು ಅಲ್ಲಿಗೇ ಮರಳುತ್ತದೆ. ನೋವು ನಿಜ. ಆದರೆ ಅದು ಸಾಹಿತ್ಯದ ಅಳತೆಗೋಲಾಗಬಲ್ಲುದೇ ಎಂಬುದು ಬೇರೆಯೇ ಪ್ರಶ್ನೆ.

ಗಡಿನಾಡಿನ ಸಾಹಿತ್ಯ ಕೂಟದಲ್ಲಿ ಬರೆಯುವವರು, ಕೇಳುವವರು, ಪುಸ್ತಕ ಅಚ್ಚು ಹಾಕಿಸುವವರು, ಸಭೆ ಏರ್ಪಡಿಸುವವರು ಹೆಚ್ಚುಕಡಿಮೆ ಒಂದೇ ಬಳಗದವರು. ಕನ್ನಡ ಶಾಲೆಗಳ ಅಧ್ಯಾಪಕರು ಅದರ ಬೆನ್ನೆಲುಬು. ಹೊಸಬನ ಮೊದಲ ಕವಿತೆಗೆ ಇಲ್ಲಿ ಕಿವಿಗೊಡುವವರು ಸಿಗುತ್ತಾರೆ. ಈ ಆಸರೆ ಸಣ್ಣದಲ್ಲ. ಆದರೆ ಇದೇ ಸಾಮೀಪ್ಯ ವಿಮರ್ಶೆಯ ಬಾಯಿ ಕಟ್ಟುತ್ತದೆ. ಭಾಷೆಯೇ ಅಪಾಯದಲ್ಲಿರುವಾಗ ಪ್ರತಿಯೊಂದು ಕೃತಿಯೂ ಅದರ ಉಳಿವಿನ ಸಾಕ್ಷಿಯಾಗಿ ಕಾಣುತ್ತದೆ. ಕೃತಿಯನ್ನು ಆಕ್ಷೇಪಿಸಿದವನು ಭಾಷೆಯನ್ನೇ ನೋಯಿಸಿದಂತಾಗುತ್ತದೆ. ಕವಿಗೋಷ್ಠಿಯಲ್ಲಿ ಒಬ್ಬೊಬ್ಬರಾಗಿ ಓದಿ ಇಳಿಯುತ್ತಾರೆ. ಅಧ್ಯಕ್ಷಭಾಷಣ ಎಲ್ಲರನ್ನೂ ಸಮನಾಗಿ ಹರಸುತ್ತದೆ. ಯಾರ ಮಾತೂ ಇನ್ನೊಬ್ಬರ ಮಾತಿಗೆ ತಾಗುವುದಿಲ್ಲ.

ಈ ಸೌಜನ್ಯ ನೆಲದ ಹಳೆಯ ಸಂಪ್ರದಾಯವಲ್ಲ. ಪಾರ್ತಿಸುಬ್ಬನ ಊರೆಂದು ಹೆಸರಾದ ಕುಂಬಳೆ ಸೀಮೆಯಲ್ಲಿ ಬೆಳೆದ ತಾಳಮದ್ದಳೆ, ಎದುರಾಳಿಯಿಲ್ಲದೆ ನಡೆಯಲಾರದ ಕಲೆ. ಅರ್ಥಧಾರಿಯ ಮಾತಿಗೆ ಎದುರು ಅರ್ಥಧಾರಿ ಪ್ರಶ್ನೆ ಹಾಕುತ್ತಾನೆ, ಆಧಾರ ಕೇಳುತ್ತಾನೆ, ಒಪ್ಪದಿದ್ದರೆ ತಡೆಯುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ರಾವಣ, ವಾಲಿ ಬೆಳಗಿದ್ದು ಪ್ರತಿವಾದದ ಕಾವಿನಲ್ಲಿ. ವಾದಿಸಿದವರಿಬ್ಬರೂ ಒಂದೇ ವೇದಿಕೆಯಲ್ಲಿ ಕುಳಿತವರು. ವಾದ ಮುಗಿದರೂ ಬಳಗ ಒಡೆಯುವುದಿಲ್ಲ. ಪಾರ್ತಿಸುಬ್ಬನ ಕಾಲ, ಕರ್ತೃತ್ವಗಳ ಕುರಿತು ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರ ನಡುವಣ ಭಿನ್ನಮತವೂ ಇದೇ ಜಾಯಮಾನದ್ದು. ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟದೊಡನೆ ಅವನ ಪ್ರಸಂಗಗಳಿಗಿರುವ ಹೋಲಿಕೆಯ ಚರ್ಚೆ ಕವಿಯನ್ನು ಸಣ್ಣವನನ್ನಾಗಿಸಲಿಲ್ಲ. ಎರಡು ಭಾಷೆಗಳ ರಂಗಭೂಮಿಯನ್ನು ಒಟ್ಟಿಗಿಟ್ಟು ನೋಡುವುದನ್ನು ಅದು ವಿದ್ವಾಂಸರಿಗೆ ಕಲಿಸಿತು.

ಆಧುನಿಕ ಬರಹಗಾರರಲ್ಲಿಯೂ ಗಟ್ಟಿಯಾದವರು ಗಡಿಯನ್ನು ಬೇಲಿಯಾಗಿಸಿಕೊಂಡವರಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ವಿಲೀನವನ್ನು ಪ್ರತಿಭಟಿಸಿದ ಕವಿಯೆಂದೇ ನೆನಪಾಗುತ್ತಾರೆ. ಕುಮಾರನಾಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರೂ ಅವರೇ ಎಂಬುದು ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹೋರಾಟ ಆಡಳಿತದ ತೀರ್ಮಾನದ ವಿರುದ್ಧವಾಗಿತ್ತು, ಮಲಯಾಳದ ವಿರುದ್ಧವಲ್ಲ. ಈ ವಿವೇಕವನ್ನು ಬಿಟ್ಟು ಆಕ್ರೋಶವನ್ನಷ್ಟೇ ಉಳಿಸಿಕೊಂಡರೆ ಕವಿಯ ಅರ್ಧವೇ ಉಳಿಯುತ್ತದೆ.

ಇನ್ನೂ ತೀಕ್ಷ್ಣವಾದ ನಿದರ್ಶನ ಚಂದ್ರಗಿರಿ ಹೊಳೆ. 1967ರ ಮಹಾಜನ ವರದಿ ಈ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಅಂದಿನಿಂದ ಅದು ಬೇಡಿಕೆಯ ಭಾಷೆಯಲ್ಲಿ ಒಂದು ಗೆರೆ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಓದಿದ ಸಾರಾ ಅಬೂಬಕ್ಕರ್ (1936–2023) 1980ರ ದಶಕದ ಆರಂಭದಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಅದೇ ಹೊಳೆಗೆ ಬೇರೆ ಅರ್ಥ ಬಂತು. ತಂದೆಯ ಹಠ, ತಲಾಖಿನ ಕಟ್ಟಳೆಗಳ ನಡುವೆ ಸಿಲುಕಿದ ನಾದಿರಾಳಿಗೆ ಗಡಿ ಇರುವುದು ಮನೆಯೊಳಗೆ. ನಕ್ಷೆ ಹೇಗೆ ಬದಲಾದರೂ ಅವಳ ಗೆರೆ ಅಳಿಯದು. ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಬೆಂಗಳೂರಿನ ‘ಲಂಕೇಶ್ ಪತ್ರಿಕೆ’ಯಲ್ಲಿ. ನೆಲದ ಒಳಗನ್ನು ಪ್ರಶ್ನಿಸುವ ಕೃತಿ ಹೊರಗಿನ ಪತ್ರಿಕೆಯಲ್ಲಿ ಮೊದಲ ಓದುಗರನ್ನು ಕಂಡದ್ದು, ಕೂಟಗಳು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಮುಂದಿಡುತ್ತದೆ: ವಿಲೀನದ ಅನ್ಯಾಯವನ್ನು ಹಾಡಿದ ವೇದಿಕೆಗಳಲ್ಲಿ ನಾದಿರಾಳ ಅನ್ಯಾಯಕ್ಕೆ ಎಷ್ಟು ಜಾಗವಿತ್ತು?

ಭಾಷಾಭಿಮಾನವಿಲ್ಲದೆ ಇಂಥ ಕೂಟಗಳು ಉಳಿಯುತ್ತಿರಲಿಲ್ಲ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಶಾಲೆ, ಕಚೇರಿ, ನೇಮಕಾತಿಗಳಲ್ಲಿ ಕನ್ನಡದ ಹಕ್ಕು ಇಂದಿಗೂ ಹೋರಾಡಿಯೇ ಪಡೆಯಬೇಕಾದದ್ದು. ಆದರೆ ಹಕ್ಕಿನ ಅರ್ಜಿಗೆ ಒಗ್ಗಟ್ಟು ಬೇಕು, ಕವಿತೆಗೆ ಭಿನ್ನಮತ ಬೇಕು. ಒಂದರ ನಿಯಮವನ್ನು ಇನ್ನೊಂದಕ್ಕೆ ಹೇರಿದಾಗ ಎರಡೂ ಸೊರಗುತ್ತವೆ. ಸಾವಿರ ಸಹಿಗಳಿರುವ ಮನವಿಗೆ ಬೆಲೆಯಿದೆ. ಸಾವಿರ ಕವಿತೆಗಳಿಗೆ ಒಂದೇ ದನಿಯಿದ್ದರೆ ಬೆಲೆಯಿಲ್ಲ.

2017ರಲ್ಲಿ ಕೇರಳ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ ತಂದಿತು. ಅದರ ನ್ಯಾಯಾನ್ಯಾಯ ಏನೇ ಇರಲಿ, ಅನಂತಪುರ, ಕುಂಬಳೆಗಳ ಮುಂದಿನ ಕನ್ನಡ ಓದುಗ ಬಹುಮಟ್ಟಿಗೆ ಆಶಾನರನ್ನು ಮೂಲದಲ್ಲಿಯೇ ಓದಬಲ್ಲವನು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುವವನು. ಅವನನ್ನು ಅನುಕಂಪದಿಂದ ಹಿಡಿದಿಡಲಾಗದು. ಅವನು ಹೋಲಿಸಿ ನೋಡುತ್ತಾನೆ. ಕೂಟದ ಕವಿತೆ ಆ ಹೋಲಿಕೆಗೆ ನಿಲ್ಲಬೇಕಾದರೆ ಮೊದಲ ಆಕ್ಷೇಪ ಕೂಟದೊಳಗಿನಿಂದಲೇ, ಒಂದೇ ಚಾಪೆಯ ಮೇಲೆ ಎದುರು ಕುಳಿತವರಿಂದಲೇ ಬರಬೇಕು. ತಾಳಮದ್ದಳೆಯ ನೆಲಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.