ಚರ್ಚ್ ಸ್ಟ್ರೀಟಿನ ಕಲ್ಲು, ಉಚ್ಚಿಲದ ಡಿವೈಡರ್

ಹಿಂದೊಮ್ಮೆ ಅಮ್ಮ ಊರಿಂದ ಬಂದಿದ್ದಾಗ ಭಾನುವಾರ ಸಂಜೆ ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಕರ್ಕೊಂಡು ಹೋಗಿದ್ದೆ. ನೆಂಟರು ಬಂದರೆ ನಮ್ಮ ಆಫೀಸಿನವರೆಲ್ಲ ತೋರಿಸುವ ಬೀದಿ ಅದು. ಅಮ್ಮ ಬ್ರಿಗೇಡ್ ರೋಡ್ ಕಡೆಯಿಂದ ಹತ್ತು ಹೆಜ್ಜೆ ನಡೆದು, ಚಪ್ಪಲಿಯಲ್ಲೇ ಕಲ್ಲನ್ನು ಒತ್ತಿ ನೋಡಿ, "ಲಾಯ್ಕ ಉಂಟು" ಅಂದಳು. ಅಷ್ಟರಲ್ಲಿ ಹಿಂದಿನಿಂದ ಕಾರೊಂದು ಹಾರ್ನ್ ಹೊಡೆಯಿತು. ಬದಿಗೆ ಸರಿದು ನಿಂತವಳು ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಇಷ್ಟು ಚೆಂದ ಕಲ್ಲು ಹಾಸಿ, ಮತ್ತೆ ಕಾರು ಎಂತಕ್ಕೆ ಬಿಡುವುದು ಮಾರಾಯ?"

ಆ ಬೀದಿಯ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಹೊಗಳಬೇಕಾದ್ದನ್ನು ಮೊದಲು ಹೊಗಳಿಬಿಡ್ತೇನೆ. 2017ರಲ್ಲಿ ಅಗೆದು, 2018ರಲ್ಲಿ ಜನರಿಗೆ ಬಿಟ್ಟ ಈ ಮುಕ್ಕಾಲು ಕಿಲೋಮೀಟರ್ ಬೀದಿಯ ವಿನ್ಯಾಸ ಬೆಂಗಳೂರಿನವರೇ ಆದ ಆರ್ಕಿಟೆಕ್ಟ್ ನರೇಶ್ ನರಸಿಂಹನ್ ಅವರದ್ದು. ವಾಹನದ ಪಾಲನ್ನು ಕಮ್ಮಿ ಮಾಡಿ ನಡೆಯುವವರ ಪಾಲನ್ನು ಹೆಚ್ಚು ಮಾಡಿದರು. ನಮ್ಮ ರಾಜ್ಯದಲ್ಲಿ ರಸ್ತೆ 'ಅಭಿವೃದ್ಧಿ' ಅಂದರೆ ಫುಟ್‌ಪಾತ್ ಕತ್ತರಿಸುವುದು ಎಂದೇ ಅರ್ಥ ಇರುವಾಗ ಇದು ಸಣ್ಣ ಮಾತಲ್ಲ. ನನಗೆ ಇನ್ನೂ ಇಷ್ಟವಾಗುವುದು ಕಣ್ಣಿಗೆ ಕಾಣದ ಕೆಲಸ. ಟೆಂಡರ್‌ಶ್ಯೂರ್ ಪದ್ಧತಿಯಲ್ಲಿ ನೀರು, ಚರಂಡಿ, ಕರೆಂಟು, ಕೇಬಲ್ ಎಲ್ಲದಕ್ಕೂ ನೆಲದಡಿ ಅದರದ್ದೇ ಜಾಗ ಮಾಡಿಕೊಡುತ್ತಾರೆ. ಇವತ್ತು ಡಾಂಬರು ಹಾಕಿ ನಾಳೆ ಇನ್ನೊಂದು ಇಲಾಖೆಯವರು ಬಂದು ಅಗೆಯುವ ನಾಟಕಕ್ಕೆ ಅದು ಉತ್ತರ. ಹತ್ತು ಜನ ಹತ್ತು ವರ್ಷ ತೇಪೆ ಹಾಕಿದ ಕೋಡನ್ನು ಬಿಚ್ಚಿ ಸರಿಯಾಗಿ ಬರೆದವರಿಗೆ ಮಾತ್ರ ಈ ಕೆಲಸದ ಬೆಲೆ ಗೊತ್ತು.

ನನ್ನ ತಕರಾರು 'ಪುನಶ್ಚೇತನ' ಅನ್ನುವ ಪದದ ಬಗ್ಗೆ. ಆ ಬೀದಿ ಸತ್ತಿದ್ದು ಯಾವಾಗ? ಕಲ್ಲು ಬರುವುದಕ್ಕಿಂತ ಎಷ್ಟೋ ಮೊದಲೇ ಅಲ್ಲಿ ಬ್ಲಾಸಮ್ ಇತ್ತು, ಎಂ.ಜಿ. ರೋಡಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುತ್ತಾ ಶುರು ಮಾಡಿದ ಎಂಜಿನಿಯರ್ ಮಾಯಿ ಗೌಡರ ಅಂಗಡಿ. ಎಂ.ಜಿ. ರೋಡಿನಿಂದ ಎದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಬಂದು ಕೂತಿದ್ದೂ ಇಲ್ಲೇ. ಕೈಯಲ್ಲಿ ದುಡ್ಡಿಲ್ಲದವರೂ ಗಂಟೆಗಟ್ಟಲೆ ಇರಬಹುದಾದ ಇಂಥ ಜಾಗಗಳಿಂದ ಜನ ಬರುತ್ತಿದ್ದರು. ಜನ ಇದ್ದದ್ದರಿಂದ ಕಲ್ಲು ಬಂತು, ಕಲ್ಲು ಹಾಕಿದ್ದರಿಂದ ಜನ ಬಂದದ್ದಲ್ಲ. ಈ ಕ್ರಮವನ್ನು ತಿರುಗಿಸಿ ಹೇಳಿದರೆ, ನಾಳೆ ಯಾವ ಪೇಟೆಗೆ ಬೇಕಾದರೂ ಗ್ರಾನೈಟ್ ಸುರಿದು 'ಜೀವ ಬಂತು' ಅನ್ನಬಹುದು.

ಎರಡನೇ ತಕರಾರು ಅಮ್ಮನದ್ದೇ. 2020ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ವಾರಾಂತ್ಯದಲ್ಲಿ ಅಲ್ಲಿ ವಾಹನ ಬಿಡುತ್ತಿರಲಿಲ್ಲ. 'ಚರ್ಚ್ ಸ್ಟ್ರೀಟ್ ಫಸ್ಟ್' ಅಂತ ಹೆಸರು. ನಗರ ಭೂಸಾರಿಗೆ ನಿರ್ದೇಶನಾಲಯ ನಡೆಸಿದ ಪ್ರಯೋಗ. ಐಐಎಸ್ಸಿಯವರು ಅಧ್ಯಯನ ಮಾಡಿದರು, ಗಾಳಿ ಸುಧಾರಿಸಿದ್ದು ಕಂಡುಬಂತು. ಅವಧಿ ಮುಗಿಯಿತು, ಕಾರುಗಳು ವಾಪಸ್ ಬಂದವು. ಟ್ರಯಲ್ ಪಾಸ್ ಆದರೂ ಗೋ-ಲೈವ್ ಆಗಲಿಲ್ಲ. ಕಾಲಿಗೆಂದು ಹಾಸಿದ ಕಲ್ಲಿನ ಮೇಲೆ ದಿನವಿಡೀ ಟೈರ್ ಓಡಿದರೆ ಅದು ಅಲುಗಾಡದೆ ಇನ್ನೇನು ಮಾಡೀತು? 2024ರಲ್ಲಿ ಅನ್‌ಬಾಕ್ಸಿಂಗ್ ಬಿಎಲ್‌ಆರ್ ಸಂಸ್ಥೆ ಬೀದಿಯನ್ನು ದತ್ತು ತೆಗೆದುಕೊಂಡಿತು. ಒಳ್ಳೆಯದೇ. ಆದರೆ ಅಪ್ಪ-ಅಮ್ಮ ಇರುವ ಮಗುವನ್ನು ಯಾರಾದರೂ ದತ್ತು ತಗೊಳ್ತಾರಾ? ಕಟ್ಟುವುದಕ್ಕೆ ಟೆಂಡರ್ ಇತ್ತು, ಕಟ್ಟಿದ್ದನ್ನು ದಿನಾ ನೋಡಿಕೊಳ್ಳುವವರು ಯಾರೆಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ.

ಹಾಗಾದರೆ ಬೀದಿಯೊಂದು ಅಗಲವಾಗಿ, ನಡೆಯುವ ಹಾಗೆ ಉಳಿಯುವುದು ಯಾವುದರಿಂದ? ನಮ್ಮ ಕಡೆಯ ಉದಾಹರಣೆ ಉಡುಪಿಯ ರಥಬೀದಿ. ಕೃಷ್ಣಮಠದ ಸುತ್ತ, ಅಷ್ಟಮಠಗಳ ನಡುವೆ ಇರುವ ಆ ಬೀದಿಯಲ್ಲಿ ರಥ ತಿರುಗಬೇಕು. ಯಾರಾದರೂ ಅಂಗಡಿಯ ಜಗಲಿಯನ್ನು ನಾಲ್ಕಡಿ ಮುಂದೆ ತಂದರೆ ರಥ ನಿಲ್ಲುತ್ತದೆ, ಊರಿಗೆ ಊರೇ ಕೇಳುತ್ತದೆ. ಬೀದಿಯ ಅಳತೆಯನ್ನು ಕಾಯುವುದು ಆ ಬಳಕೆ. (ಆ ಬೀದಿಯಲ್ಲಿ ಒಂದು ಕಾಲಕ್ಕೆ ಯಾರ್ಯಾರು ಎಲ್ಲಿಯವರೆಗೆ ಹೋಗಬಹುದಿತ್ತು ಎಂಬ ಲೆಕ್ಕ ಬೇರೆ ಉಂಟು. ಕನಕನ ಕಿಂಡಿ ಅಲ್ಲೇ ಇರುವಾಗ ಅದನ್ನು ಮರೆತು ಹೊಗಳುವುದು ಕಷ್ಟ.)

ಇನ್ನು ನಮ್ಮ ಉಚ್ಚಿಲ. ಕಾಪುವಿಗೂ ಪಡುಬಿದ್ರಿಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಇರುವ ಪೇಟೆ. ರಸ್ತೆ ಚತುಷ್ಪಥವಾದಾಗ ಪೇಟೆ ಎರಡಾಯಿತು. ನಾನು ಶಾಲೆಗೆ ಹೋಗುವಾಗ ಈ ಬದಿಯ ಅಂಗಡಿಯವರು ಆ ಬದಿಯವರ ಹತ್ತಿರ ಕೂತಲ್ಲಿಂದಲೇ ಚಿಲ್ಲರೆ ಕೇಳುತ್ತಿದ್ದರು. ಈಗ ಕೂಗಿದರೆ ಲಾರಿಯ ಸದ್ದಿಗೆ ಕೇಳುವುದಿಲ್ಲ.

ಆದರೆ ನವರಾತ್ರಿಗೆ ಬಂದು ನೋಡಿ. ಮೊಗವೀರರ ಮಹಾಲಕ್ಷ್ಮೀ ದೇವಸ್ಥಾನದಲ್ಲಿ 2022ರಿಂದ ಉಚ್ಚಿಲ ದಸರಾ ನಡೆಯುತ್ತಿದೆ. ನವದುರ್ಗೆಯರು, ಶಾರದೆ, ಹೆದ್ದಾರಿಯುದ್ದಕ್ಕೂ ದೀಪ. ಸ್ವಯಂಸೇವಕ ಹುಡುಗರು ಕೈ ಅಡ್ಡ ಹಿಡಿದರೆ ಮಲ್ಟಿ ಆ್ಯಕ್ಸಲ್ ಲಾರಿಯೂ ನಿಲ್ಲುತ್ತದೆ, ಅಜ್ಜಿಯಂದಿರು ಮಾತಾಡುತ್ತಾ ದಾಟುತ್ತಾರೆ. ಶೋಭಾಯಾತ್ರೆಯ ದಿನವಂತೂ ಹೆದ್ದಾರಿಯೇ ಜನರಿಗೆ ದಾರಿ ಬಿಡುತ್ತದೆ. ಆರ್ಕಿಟೆಕ್ಟ್ ಇಲ್ಲದೆ, ಗ್ರಾನೈಟ್ ಇಲ್ಲದೆ ಊರಿನವರೇ ಪೇಟೆಯನ್ನು ಮತ್ತೆ ಒಂದು ಮಾಡುತ್ತಾರೆ. ಹೆಮ್ಮೆ ನನಗೂ ಇದೆ. ಆದರೆ ದಸರಾ ಮುಗಿದ ಮರುದಿನ ದೀಪದ ಸರ ಬಿಚ್ಚುವಾಗ, ಆ ಹುಡುಗರೂ ಅವರವರ ಕೆಲಸಕ್ಕೆ ಹೋಗಿರುತ್ತಾರೆ. ಚರ್ಚ್ ಸ್ಟ್ರೀಟಿನ ವಾರಾಂತ್ಯಕ್ಕೂ ನಮ್ಮ ದಸರಾಕ್ಕೂ ಇಲ್ಲಿ ವ್ಯತ್ಯಾಸ ಇಲ್ಲ. ಎರಡೂ ಕ್ಯಾಲೆಂಡರಿನಲ್ಲಿ ಮುಗಿದುಹೋಗುತ್ತವೆ.

ಮಣಿಪಾಲದಲ್ಲಿ, ಮಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುವವರು ಎಷ್ಟೋ ಜನ ಇದ್ದಾರೆ. ಥೀಸಿಸ್‌ಗೆ ಜಾಗ ಹುಡುಕುವಾಗ ಅರ್ಧ ಗಂಟೆ, ಒಂದು ಗಂಟೆಯ ಬಸ್ಸು ಹತ್ತಿ ಇಲ್ಲಿಗೂ ಬನ್ನಿ. ಕೇಳುವುದು ದೊಡ್ಡದೇನಲ್ಲ: ಡಿವೈಡರಿನ ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗ, ರಾತ್ರಿಗೆ ದೀಪ, ಒತ್ತಿದರೆ ಕೆಂಪಾಗುವ ಸಿಗ್ನಲ್, ಮಳೆಗೆ ಒಂದು ಮಾಡು. ಜೊತೆಗೆ ಅದನ್ನು ಐದನೇ ವರ್ಷ ಯಾರು ರಿಪೇರಿ ಮಾಡುತ್ತಾರೆ ಎಂದು ನಕ್ಷೆಯಲ್ಲೇ ಬರೆಯಿರಿ.

ನಮ್ಮ ಮನೆ ಪಡು ಬದಿ, ಸಮುದ್ರದ ಕಡೆ. ಉಡುಪಿಗೆ ಹೋಗುವ ಬಸ್ಸು ನಮ್ಮ ಬದಿಯಲ್ಲೇ ಸಿಗುತ್ತದೆ. ಬರುವಾಗ ಮೂಡು ಬದಿಯಲ್ಲಿ ಇಳಿಸುತ್ತದೆ. ಅಮ್ಮ ಬಸ್ಸಿಂದ ಇಳಿದ ಕೂಡಲೇ ಫೋನ್ ಮಾಡುವುದಿಲ್ಲ. ದಾಟಿದ ಮೇಲೆ ಮಾಡುತ್ತಾಳೆ.