ಯಾರಿಗೆ ಪ್ರಸ್ತುತ?

ಬೇತಮಂಗಲದ ನಮ್ಮ ಮನೆಯಲ್ಲಿ ಅಮ್ಮ ಮುದ್ದೆ ತೊಳಸುವಾಗ ಮೊಬೈಲನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಹರಿಕಥೆ ಹಾಕಿಕೊಳ್ಳುತ್ತಾಳೆ. ಹೋದ ವರ್ಷ ಅಪ್ಪನ ಆಪರೇಷನ್‌ಗೆ ಅವಳ ಬಳೆ ಅಡ ಇಡಬೇಕಾಯಿತು. ಬಡ್ಡಿ ಎಲ್ಲಿ ಕಡಿಮೆ ಎಂದು ಅದೇ ಮೊಬೈಲಿನಲ್ಲಿ ಹುಡುಕಿದವನು ನಾನು. ಅಂದಿನಿಂದ ಕಥೆಯ ನಡುನಡುವೆ ಚಿನ್ನದ ಸಾಲದ ಜಾಹೀರಾತು. "ನಾವು ಬಳೆ ಇಟ್ಟಿದ್ದು ಇದುಕ್ಕೆಂಗೆ ಗೊತ್ತಾಯ್ತೋ?" ಅಂದಳು ಅಮ್ಮ. ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

ಜಾಹೀರಾತಿನವರ ಭಾಷೆಯಲ್ಲಿ ಇದು 'ಪ್ರಸ್ತುತತೆ'. ಊರು, ವಯಸ್ಸು, ಭಾಷೆ, ಹುಡುಕಾಟಗಳನ್ನು ಕೂಡಿಸಿ, ತಕ್ಕ ನೋಡುಗರಿಗೆ ತಕ್ಕ ಜಾಹೀರಾತು ಮುಟ್ಟಿಸುವ ವಿದ್ಯೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ಮಾತು ಔಚಿತ್ಯ. 11ನೇ ಶತಮಾನದ ಕ್ಷೇಮೇಂದ್ರ ಅದನ್ನು ಕಾವ್ಯದ ಜೀವವೆಂದು ಕರೆದ. ಅವನು ಕೊಡುವ ಉದಾಹರಣೆಯೂ ಒಡವೆಯದೇ: ಡಾಬನ್ನು ಕೊರಳಿಗೆ, ಹಾರವನ್ನು ಸೊಂಟಕ್ಕೆ ಹಾಕಿಕೊಂಡರೆ ನಗೆಪಾಟಲು. ಒಡವೆ ಅಪ್ಪಟವಾಗಿದ್ದರೂ ಜಾಗ ತಪ್ಪಿದರೆ ಕೆಟ್ಟಿತು.

ನಮ್ಮ ಮನೆಗೆ ಬಂದ ಜಾಹೀರಾತು ಅಂಥದ್ದು. ಭಾಷೆ ಕನ್ನಡ, ಅಗತ್ಯ ನಿಜ, ವಿಳಾಸ ಸರಿ. ಆದರೆ ಬರಿಗೈಲಿ ಹಿಟ್ಟು ತೊಳಸುವವಳ ಮುಂದೆ ಬಳೆ ತೊಟ್ಟ ನಟಿಯೊಬ್ಬಳು ನಗುತ್ತಾಳೆ. ಪ್ರಸ್ತುತತೆ ಗಿರಾಕಿಯನ್ನು ಹುಡುಕಿತು, ಅವಳ ಸನ್ನಿವೇಶವನ್ನು ನೋಡಲಿಲ್ಲ.

ಅಳೆಯುವ ಕೋಲಾದರೂ ಸರಿಯಿದೆಯೇ? ಯೂಟ್ಯೂಬ್ 2010ರಲ್ಲಿ ತಂದ ಪದ್ಧತಿಯಲ್ಲಿ 5 ಸೆಕೆಂಡು ಕಳೆದರೆ ಜಾಹೀರಾತನ್ನು ದಾಟಿ ಹೋಗಬಹುದು. 30 ಸೆಕೆಂಡು ಓಡಿದರೆ ಅದು 'ನೋಡಿದ' ಲೆಕ್ಕ. ಕೈಯೆಲ್ಲ ರಾಗಿಹಿಟ್ಟಾದವಳು ಗುಂಡಿ ಒತ್ತುವುದು ಹೇಗೆ? ಅವಳ ಅಸಹಾಯಕತೆಯನ್ನೂ ಯಂತ್ರ ಆಸಕ್ತಿ ಎಂದೇ ಓದುತ್ತದೆ.

ವಿಮರ್ಶೆ ಓದುವವನಾಗಿ ನನ್ನನ್ನು ಕಾಡುವುದು ಇನ್ನೊಂದು. ಟೂರಿಂಗ್ ಟಾಕೀಸಿನಲ್ಲಿ ಬಟ್ಟೆ ಅಂಗಡಿಯ ಸ್ಲೈಡು ಬಂದರೆ ಟೆಂಟಿನವರೆಲ್ಲ ನೋಡುತ್ತಿದ್ದರು, ಒಟ್ಟಿಗೆ ಗೇಲಿ ಮಾಡುತ್ತಿದ್ದರು. ಅದೊಂದು ಸಾರ್ವಜನಿಕ ಪಠ್ಯ. ಅಮ್ಮನಿಗೆ ಕಂಡ ಜಾಹೀರಾತು ಪಕ್ಕದ ಮನೆಗೆ ಕಾಣದಿದ್ದರೆ, ಅದು ತಪ್ಪೆಂದು ಅವಳು ಯಾರೊಡನೆ ಮಾತಾಡಬೇಕು? ಒಬ್ಬೊಬ್ಬರಿಗೂ ಬೇರೆ ಪಠ್ಯ ಕೊಟ್ಟರೆ ವಿಮರ್ಶೆಗೆ ಜಾಗವೇ ಉಳಿಯುವುದಿಲ್ಲ.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ತುಂಬದವರನ್ನು ಹಿಂಬಾಲಿಸಿ ಜಾಹೀರಾತು ಗುರಿಯಿಡುವುದನ್ನು ನಿಷೇಧಿಸುತ್ತದೆ. ಅಂದರೆ ಈ ವಿದ್ಯೆಯಲ್ಲಿ ಕೇಡಿದೆ ಎಂದು ಕಾನೂನಿಗೂ ಗೊತ್ತು. ದೊಡ್ಡವರಿಗೂ ಒಂದು ದಾರಿಯಿದೆ: ನೋಡುವವರನ್ನು ಬಿಟ್ಟು, ನೋಡುತ್ತಿರುವ ವಿಡಿಯೊಗೆ ತಕ್ಕ ಜಾಹೀರಾತು ಹಾಕುವುದು. ಹರಿಕಥೆಯ ನಡುವೆ ಹಾರ್ಮೋನಿಯಂ ಮಾರಲಿ. ಗುರಿ ಸ್ವಲ್ಪ ತಪ್ಪೀತು, ಲಾಭವೂ ತುಸು ಕಡಿಮೆಯಾದೀತು. ಆದರೆ ಅದಕ್ಕೆ ನಮ್ಮ ಮನೆಯ ಬಳೆಯ ಸುದ್ದಿ ಬೇಕಾಗುವುದಿಲ್ಲ.

ಪಾಲಾರಿನ ನೀರು ತುಂಬುವ ನಮ್ಮ ಕೆರೆಯಿಂದಲೇ ಕೋಲಾರದ ಚಿನ್ನದ ಗಣಿಗೆ ನೀರು ಹೋಗುತ್ತಿತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈ ಸೀಮೆಯಲ್ಲಿ ಈಗ ಅಗೆಯಲು ಉಳಿದಿರುವುದು ಹೆಂಗಸರ ಕೈಮೇಲಿನ ಚಿನ್ನ.

ಬಳೆ ಬಿಡಿಸಿಕೊಂಡು ಬಂದು ಎರಡು ತಿಂಗಳಾಯಿತು. ಆ ಸುದ್ದಿ ಮಾತ್ರ ಜಾಹೀರಾತಿಗೆ ಇನ್ನೂ ಮುಟ್ಟಿಲ್ಲ.