ಸ್ಕಾಟನ ‘ಮಾನಸ್ಟರಿ’ಯಲ್ಲಿ ಗಿರಣಿಯ ಕಟ್ಟುಪಾಡು

ಸರ್ ವಾಲ್ಟರ್ ಸ್ಕಾಟನು 1820ರಲ್ಲಿ ಪ್ರಕಟಿಸಿದ ‘ದಿ ಮಾನಸ್ಟರಿ’ ಕಾದಂಬರಿಯು ಅದರ ಮಾಯಾಪ್ರಸಂಗಗಳಿಗಾಗಿ ವಿಮರ್ಶಕರ ನಿಂದೆಗೆ ಗುರಿಯಾಯಿತು. ಆದರೆ ಗಿರಣಿಯವನಾದ ಹಾಬನ ಪ್ರಸಂಗವು ಬೇರೊಂದು ಕಾರಣದಿಂದ ಪರಿಶೀಲನಾರ್ಹವಾಗಿದೆ. ಕರ್ತೃವು ವೃತ್ತಿಯಿಂದ ನ್ಯಾಯವಾದಿ. ಅವನ ಶಾಸ್ತ್ರಜ್ಞಾನವೂ ಕಥನಶಕ್ತಿಯೂ ಇಲ್ಲಿ ಒಂದನ್ನೊಂದು ಎದುರುಗೊಳ್ಳುತ್ತವೆ.

ಸ್ಕಾಟ್ಲೆಂಡಿನ ಹಳೆಯ ನ್ಯಾಯಶಾಸ್ತ್ರದಲ್ಲಿ ‘ಥರ್ಲೇಜ್’ ಎಂದರೆ, ಒಂದು ಭೂಮಿಯ ಒಕ್ಕಲುಗಳು ತಮ್ಮ ಧಾನ್ಯವನ್ನು ಗೊತ್ತಾದ ಗಿರಣಿಯಲ್ಲಿಯೇ ಬೀಸಿಸಬೇಕೆಂಬ ಕಟ್ಟು. ದಾಸನೆಂಬ ಅರ್ಥದ ‘ಥ್ರಾಲ್’ ಶಬ್ದವೇ ಇದಕ್ಕೆ ಮೂಲ. ಕಟ್ಟಿಗೊಳಪಟ್ಟ ಭೂಮಿಗೆ ‘ಸಕನ್’ ಎಂದೂ, ಬೀಸಿದ್ದಕ್ಕಾಗಿ ಸಲ್ಲುವ ಧಾನ್ಯಭಾಗಕ್ಕೆ ‘ಮಲ್ಚರ್’ ಎಂದೂ ಹೆಸರು. ಸ್ವೇಚ್ಛೆಯಿಂದ ಬಂದ ಹೊರಗಿನವನು ಕೂಲಿಯಷ್ಟನ್ನು ಕೊಟ್ಟರೆ, ಸಕನ್ನಿನ ಒಕ್ಕಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕೊಡಬೇಕಾಗಿತ್ತು. ಧಾನ್ಯವನ್ನು ಬೇರೆಡೆಗೆ ಒಯ್ದರೆ ವ್ಯಾಜ್ಯವೇಳುತ್ತಿತ್ತು. ‘ಒಣ ಮಲ್ಚರ್’ ಎಂಬುದಾದರೋ ಬೀಸಿಸಲಿ, ಬಿಡಲಿ, ತೆರಲೇಬೇಕಾದ ಹೊರೆ. ಇವಲ್ಲದೆ ಗಿರಣಿಯ ಆಳುಗಳಿಗೆ ‘ನೇವ್‌ಷಿಪ್’, ‘ಬ್ಯಾನಕ್’, ‘ಗೌಪನ್’ ಎಂಬ ಸಣ್ಣ ಸಲ್ಲಿಕೆಗಳಿದ್ದವು. ಮೊದಲನೆಯದರಲ್ಲಿ ಆಳುಹುಡುಗನೂ, ಎರಡನೆಯದರಲ್ಲಿ ರೊಟ್ಟಿಯೂ, ಮೂರನೆಯದರಲ್ಲಿ ಬೊಗಸೆಯೂ ಅಡಗಿವೆ. ಅಡಿಗೆಮನೆಯ ಈ ಮಾತುಗಳೇ ನ್ಯಾಯಾಲಯದಲ್ಲಿ ಋಣಗಳಾದವು.

ಸ್ಕಾಟನು ಈ ಕಟ್ಟುಪಾಡನ್ನು ಕಥೆಯ ನಡುವೆ ತಾನೇ ವಿವರಿಸುತ್ತಾನೆ. ಆ ವಿವರಣೆಯು ನಿರ್ದುಷ್ಟವಾದರೂ ನೀರಸ. ಆದರೆ ಹಾಬನು ಮಗಳು ಮೈಸಿಯೊಡನೆ ಗ್ಲೆಂಡಿನಿಂಗ್ ವಿಧವೆಯ ಮನೆಗೆ ಅತಿಥಿಯಾಗಿ ಬಂದು, ಕಣದ ಮೆದೆಗಳೆಷ್ಟು, ಅವುಗಳಲ್ಲಿ ಕಾಳೆಷ್ಟು ಎಂದು ತಿಳಿಯಲೆಳಸುವಾಗ ಶಾಸ್ತ್ರವು ಜೀವತಾಳುತ್ತದೆ. ಸ್ನೇಹವೂ ಲೆಕ್ಕವೂ ಒಂದೇ ಬಾಗಿಲಿನಿಂದ ಒಳಹೊಗುತ್ತವೆ. ಪಾತ್ರಸೃಷ್ಟಿಯ ದೃಷ್ಟಿಯಿಂದ ಇದು ಉತ್ತಮವಾದ ಕೆಲಸ.

ಆದಾಗ್ಯೂ ಒಂದು ನ್ಯೂನತೆಯನ್ನು ಹೇಳಲೇಬೇಕು. ಇಲ್ಲಿ ಮೆದೆಗಳನ್ನು ನೋಡುವ ಕಣ್ಣು ಪ್ರಧಾನವಾಗಿ ಗಿರಣಿಯವನದು. ಅವನ ಸಂಶಯಕ್ಕೆ ನಗುವ ವಾಚಕನಿಗೆ, ತಾನು ಬೆಳೆದ ಕಾಳನ್ನು ತನಗೆ ಬೇಕಾದಲ್ಲಿ ಬೀಸಿಸಲಾರದ ಒಕ್ಕಲಿನ ಸಂಕಟವು ಅಷ್ಟಾಗಿ ತಟ್ಟುವುದಿಲ್ಲ. ಹಾಸ್ಯವು ಹೊರೆಯನ್ನು ಹಗುರಮಾಡಿ ತೋರಿಸಿದೆ.

1799ರ ಶಾಸನವು ಈ ಋಣವನ್ನು ವಾರ್ಷಿಕ ಸಲ್ಲಿಕೆಯಾಗಿ ಪರಿವರ್ತಿಸಲು ಅವಕಾಶವಿತ್ತಿತು; ಉಳಿದದ್ದು 2000ನೆಯ ಇಸವಿಯ ಶಾಸನದ ಮೇರೆಗೆ 2004ರ ನವೆಂಬರ್ 28ರಂದು ಅಳಿಯಿತು. ಹೀಗೆ ವ್ಯವಹಾರದಿಂದ ಮರೆಯಾದ ಶಬ್ದಗಳು ಈ ಕಾದಂಬರಿಯಲ್ಲಿ ಉಳಿದಿವೆ. ಇದನ್ನು ಪಾಠಹೇಳುವವರು ‘ಮಲ್ಚರ್’ ಶಬ್ದಕ್ಕೆ ‘ಬೀಸುವ ಕೂಲಿ’ ಎಂದಷ್ಟೇ ಅರ್ಥ ಬರೆಯಿಸಿದರೆ ಸಾಲದು. ಕೂಲಿಯನ್ನು ಮೀರಿದ ಭಾಗವು ಯಾರ ಕಣಜದಿಂದ ಹೋಯಿತೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಅವಶ್ಯಕ.